ಮೀನಿನ ರುಚಿ, ನೀರಿನ ನೆಲೆ

ಮಂಗಳೂರಿನ ಬಂದರಿನಲ್ಲಿ ಬೂತಾಯಿಯೆಂದು ಕೂಗಿ ಮಾರುವ ಮೀನಿನ ಬುಟ್ಟಿಯೊಂದನ್ನು ತಲೆಯ ಮೇಲೆ ಹೊತ್ತು, ಕಡಲ ಕರೆಯನ್ನೇ ಹಿಡಿದು ಬಡಗಣಕ್ಕೆ ನಡೆದರೆ, ಕುಂದಾಪುರದ ಸೀಮೆಯಲ್ಲಿ ಅದು ಬೈಗೆಯೆನಿಸಿಕೊಂಡು, ಕಾರವಾರವನ್ನು ಮುಟ್ಟುವಷ್ಟರಲ್ಲಿ ತಾರ್ಲಿಯಾಗಿಬಿಟ್ಟಿರುತ್ತದೆ. ಅಂತೆಯೇ ತುಳುವರ ಅಂಜಲು ಕೊಂಕಣಿಗರ ಬಾಯಲ್ಲಿ ಇಸ್ವಣವಾಗುತ್ತದೆ, ಎಟ್ಟಿಯು ಘಟ್ಟದ ಮೇಲೆ ಸಿಗಡಿಯಾಗುತ್ತದೆ, ನಂಗ್ ಎಂಬುದು ಲೆಪ್ಪೆಯಾಗುತ್ತದೆ. ಸುಮಾರು 300 ಕಿಲೋಮೀಟರು ಉದ್ದದ ಈ ತೀರದಲ್ಲಿ ಹೆಸರುಗಳು ಹೊಳೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಂಡು ಹೊಸಬನು ತಬ್ಬಿಬ್ಬಾಗುವುದು ಸಹಜವೇ. ಆದರೆ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಅನುಭವಿಯು ಹೆಸರನ್ನು ಅಷ್ಟಾಗಿ ವಿಚಾರಿಸುವವನಲ್ಲ. ಮೀನು ಅಳಿವೆಯದೊ ಆಳಗಡಲಿನದೊ, ಗಾಳಕ್ಕೆ ಬಿದ್ದದ್ದೊ ಬಲೆಗೆ ಬಿದ್ದದ್ದೊ, ಮಳೆಗಾಲ ಕಳೆದು ಎಷ್ಟು ದಿನವಾಯಿತು ಎಂಬಿವೇ ಅವನ ಪ್ರಶ್ನೆಗಳು. ಇವು ಚೌಕಾಸಿಯ ಪೀಠಿಕೆಯೆಂದು ತಿಳಿಯತಕ್ಕದ್ದಲ್ಲ. ಮಸಾಲೆ ಅರೆಯುವ ಕಲ್ಲನ್ನು ತೊಳೆಯುವುದಕ್ಕೆ ಎಷ್ಟೋ ಮೊದಲೇ, ಮೀನು ಈಜಿದ ನೀರಿನಲ್ಲಿ, ಅದು ಮೇದ ಮೇವಿನಲ್ಲಿ, ಓಡಿಯೋ ಅಡಗಿಯೋ ಅದು ಬದುಕಿದ ಬಗೆಯಲ್ಲಿ ಅದರ ರುಚಿ ನಿಶ್ಚಿತವಾಗಿಬಿಟ್ಟಿರುತ್ತದೆಂಬ ಒಂದು ದೊಡ್ಡ ಸಂಗತಿ ಆ ಪ್ರಶ್ನೆಗಳ ಹಿಂದಿದೆ.

ಕಡಲನ್ನು ಕಾಣದ ಕನ್ನಡಿಗರಿಗೂ ಈ ವಿಚಾರದಲ್ಲಿ ಕುತೂಹಲವಿದ್ದುದಕ್ಕೆ ಪುರಾವೆಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ ಕುದುರೆಗಳಿಗೂ ಸಂಗೀತ ನೃತ್ಯಗಳಿಗೂ ಸ್ಥಳವಿರುವಂತೆ ಮತ್ಸ್ಯವಿನೋದಕ್ಕೂ ಒಂದು ಪ್ರಕರಣ ಮೀಸಲಾಗಿದೆ. ಗಾಳ ಹಾಕುವ ರಾಜಕ್ರೀಡೆಯನ್ನು ವರ್ಣಿಸುವ ನೆಪದಲ್ಲಿ ಆ ಅರಸನು ಮೀನುಗಳನ್ನು ಕಡಲಿನವು ಹೊಳೆಯವು ಎಂದೂ, ಹುರುಪೆಯುಳ್ಳವು ಇಲ್ಲದವು ಎಂದೂ ವಿಂಗಡಿಸಿ, ಯಾವುದಕ್ಕೆ ಯಾವ ಎರೆ ಪ್ರಿಯವೆಂಬುದನ್ನು ಹೇಳುತ್ತಾನೆ. ಎರೆಯನ್ನು ಬಲ್ಲವನು ಮೀನಿನ ಊಟವನ್ನು ಬಲ್ಲನೆಂದೇ ಅರ್ಥ. ರಾಜ್ಯಭಾರಕ್ಕಿಂತ ಗ್ರಂಥರಚನೆಯಲ್ಲಿ ಹೆಚ್ಚು ಒಲವಿದ್ದವನೆಂದು ಚರಿತ್ರಕಾರರು ಆತನನ್ನು ತುಸು ಹಗುರವಾಗಿ ಕಾಣುವುದುಂಟು. ಮೀನಿನ ವಿಷಯ ಬರೆಯಲು ಹೊರಟ ನನಗೆ ಮಾತ್ರ ಆತನ ಮೇಲೆ ಅಂತಹ ಆಕ್ಷೇಪಣೆಯೇನೂ ಇಲ್ಲ.

ಕಡಲಮೀನು ಹೊಳೆಮೀನಿಗಿಂತ ರುಚಿಯೆಂದು ಕರಾವಳಿಯವರು ಹೇಳಿದರೆ ಅದು ಬರಿಯ ಸ್ವಸ್ಥಳಾಭಿಮಾನವಲ್ಲ, ಅದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಕಡಲನೀರಿನಲ್ಲಿ ನೂರಕ್ಕೆ ಮೂರೂವರೆ ಪಾಲಿನಷ್ಟು ಉಪ್ಪು ಕರಗಿರುತ್ತದಷ್ಟೆ. ಆ ಉಪ್ಪು ಜೀವಿಗಳ ಮೈಯೊಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತಲೇ ಇರುವುದರಿಂದ, ಈ ಸೆಳೆತಕ್ಕೆ ಪ್ರತಿಯಾಗಿ ಸಿಗಡಿ, ಏಡಿ, ಚಿಪ್ಪಿನ ಪ್ರಾಣಿಗಳು ತಮ್ಮ ಮಾಂಸಕೋಶಗಳಲ್ಲಿ ಕೆಲವು ಅಮೈನೋ ಆಮ್ಲಗಳನ್ನು ತುಂಬಿಕೊಂಡಿರುತ್ತವೆ. ಅವುಗಳಲ್ಲಿ ಗ್ಲೈಸೀನ್ ಎಂಬುದು ನಾಲಗೆಗೆ ಸಿಹಿ, ಗ್ಲುಟಮೇಟ್ ಎಂಬುದು ಸಾರಿಗೆ ತೂಕ ತರುವಂಥದು. ಎಟ್ಟಿಯ ಸಾರು ಕೊಬ್ಬರಿಯ ಹಾಲಿಲ್ಲದೆಯೂ ಸಿಹಿಯಾಗಿರುವುದು ಇದರಿಂದ. ಮೀನುಗಳಾದರೋ ಇದೇ ಕಾರ್ಯಕ್ಕೆ ಮತ್ತೊಂದು ಪದಾರ್ಥವನ್ನೂ ಕೂಡಿಟ್ಟುಕೊಂಡಿರುತ್ತವೆ. ಜೀವವಿರುವವರೆಗೆ ಅದಕ್ಕೆ ವಾಸನೆಯಿಲ್ಲ. ಜೀವ ಹೋದ ಮೇಲೆ ಸೂಕ್ಷ್ಮಾಣುಗಳು ಅದನ್ನು ಒಡೆದು ಟ್ರೈಮಿಥೈಲಮೀನ್ ಎಂಬ ಅನಿಲವನ್ನಾಗಿ ಮಾರ್ಪಡಿಸಿದಾಗ, ಮೀನನ್ನು ತಿನ್ನದವರು ಮೂಗು ಮುಚ್ಚಿಕೊಳ್ಳುವ ಆ ಗಂಧ ಹೊರಡುತ್ತದೆ. ಹುಳಿ ತಾಗಿದೊಡನೆ ಈ ಅನಿಲ ಕಟ್ಟಿಬಿದ್ದು ಗಾಳಿಗೆ ಏರಲಾರದೆ ಉಳಿಯುತ್ತದೆ. ಬೆಸ್ತರ ಮನೆಯಲ್ಲಿ ಬೆಳೆದ ಮತ್ಸ್ಯಗಂಧಿಯನ್ನು ಯೋಜನಗಂಧಿಯನ್ನಾಗಿ ಮಾಡಲು ಪರಾಶರ ಋಷಿಯ ತಪೋಬಲ ಬೇಕಾಯಿತು; ನಮ್ಮ ಅಡುಗೆಮನೆಗಳಲ್ಲಿ ಅದೇ ಕಾರ್ಯ ಒಂದು ಹಿಡಿ ಹುಣಿಸೆಹಣ್ಣಿನಿಂದ ದಿನವೂ ನಡೆದುಹೋಗುತ್ತಿದೆ. ಮಂಗಳೂರಿನಿಂದ ಮುಂಬಯಿಗೆ 1998ರಿಂದ ಓಡುತ್ತಿರುವ ರೈಲಿಗೆ ಆ ಕನ್ಯೆಯ ಹೊಸ ಹೆಸರನ್ನು ಬಿಟ್ಟು ಹಳೆಯ ಹೆಸರನ್ನೇ ಇಟ್ಟವರು ರಸಿಕರಾಗಿದ್ದಿರಬೇಕು.

ಇನ್ನು ಬೂತಾಯಿಯ ಮಾತಿಗೆ ಬರೋಣ. ಬಡವರ ಮೀನೆಂದು ಇದನ್ನು ತಾತ್ಸಾರ ಮಾಡುವವರುಂಟು. ಆದರೆ ನಮ್ಮ ಪಡುಗಡಲಿನ ಒಟ್ಟು ಚರಿತ್ರೆಯನ್ನು ಒಂದು ಗೇಣಿನ ಉದ್ದದಲ್ಲಿ ಬರೆದಿಟ್ಟಿರುವ ಪುಸ್ತಕ ಬೇರೊಂದಿಲ್ಲವೆಂದು ನನ್ನ ಎಣಿಕೆ. ನೈರುತ್ಯದ ಮುಂಗಾರು ಬೀಸತೊಡಗಿದಾಗ ತೀರದ ಮೇಲ್ಪದರದ ನೀರು ಹೊರಗಡಲಿನತ್ತ ಸರಿಯುತ್ತದೆ. ಸರಿದ ನೀರಿನ ಜಾಗಕ್ಕೆ ಆಳದಿಂದ ತಣ್ಣನೆಯ ನೀರು ಮೇಲೆದ್ದು ಬರುತ್ತದೆ. ತಳದಲ್ಲಿ ಕೊಳೆತು ಕರಗಿದ್ದ ಸಮಸ್ತ ಸಾರವೂ ಆ ನೀರಿನೊಡನೆ ಬೆಳಕಿಗೆ ಬರುತ್ತದೆ. ಹೊಲಕ್ಕೆ ಗೊಬ್ಬರ ಹಾಕಿದಂತೆಯೇ ಇದು. ಬರಿಗಣ್ಣಿಗೆ ಕಾಣದ ಏಕಕೋಶದ ಸಸ್ಯಗಳು ಆಗ ಕಡಲಿನ ಮೇಲೆ ಕೋಟ್ಯನುಕೋಟಿಯಾಗಿ ಹುಟ್ಟಿಕೊಳ್ಳುತ್ತವೆ, ಅವನ್ನು ಮೇಯಲು ಬೂತಾಯಿಯ ಹಿಂಡುಗಳು ದಡದ ಬಳಿಗೆ ಬರುತ್ತವೆ. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಬಡಕಲಾದ ಮೀನು ಈ ಮೇವಿನ ಬಲದಿಂದ ನವರಾತ್ರಿ ಕಳೆಯುವಷ್ಟರಲ್ಲಿ ಮೈತುಂಬಿಕೊಂಡು, ಹೊಟ್ಟೆಯ ಗೋಡೆಯಲ್ಲಿಯೂ ಚರ್ಮದ ಕೆಳಗೂ ಎಣ್ಣೆ ಕಟ್ಟಿಕೊಳ್ಳುತ್ತದೆ. ಜುಲೈ ತಿಂಗಳ ಬೂತಾಯಿಗೂ ಕಾರ್ತಿಕದ ಬೂತಾಯಿಗೂ ಇರುವ ಅಂತರವನ್ನು ಹಂಚು ಬಲ್ಲದು: ಮೊದಲನೆಯದಕ್ಕೆ ಎಣ್ಣೆ ಹೊಯ್ಯಬೇಕು, ಎರಡನೆಯದು ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ.

ಈ ಎಣ್ಣೆಗೆ ಅಡುಗೆಮನೆಯ ಹೊರಗೂ ಬೆಲೆಯಿತ್ತು. ಮೀನೆಣ್ಣೆಯನ್ನು ಬಳಿದ ದೋಣಿಯ ಹಲಗೆಗೆ ಹುಳು ಹಿಡಿಯದು. ಎಣ್ಣೆ ಹಿಂಡಿ ಉಳಿದ ಹಿಂಡಿಯು ತೆಂಗಿನ ಬುಡಕ್ಕೆ ಗೊಬ್ಬರ. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿನ ಮೀನುಗಾರಿಕೆಯ ಇಲಾಖೆಗೆ ಅಡಿಪಾಯ ಹಾಕಿದ ಸರ್ ಫ್ರೆಡರಿಕ್ ನಿಕಲ್ಸನ್ನನು ಕಳೆದ ಶತಮಾನದ ಆರಂಭದಲ್ಲಿ ಇದನ್ನೊಂದು ಉದ್ಯಮವಾಗಿ ಬೆಳೆಸಲು ಯತ್ನಿಸಿದ್ದರಿಂದ, ಮಲಬಾರಿನಿಂದ ಇತ್ತ ಕಡಲ ಕರೆಯುದ್ದಕ್ಕೂ ಬೂತಾಯಿಯನ್ನು ಬೇಯಿಸಿ ಎಣ್ಣೆ ತೆಗೆಯುವ ಒಲೆಗಳು ಉರಿದುವು. ಆದರೆ ಈ ಮೀನಿನಷ್ಟು ಚಂಚಲವಾದ ಲಕ್ಷ್ಮಿ ಮತ್ತೊಂದಿಲ್ಲ. ಎರಡೂವರೆ ವರ್ಷವನ್ನು ಮೀರಿ ಬದುಕುವುದೇ ಅಪರೂಪವಾದ ಈ ಜೀವಕ್ಕೆ ಒಂದು ಮುಂಗಾರು ಹದತಪ್ಪಿತೆಂದರೆ ಒಂದು ಪೀಳಿಗೆಯೇ ತಪ್ಪಿದಂತೆ. 1940ರ ದಶಕದಲ್ಲಿ ವರ್ಷಗಟ್ಟಲೆ ಅದು ಬಾರದೇಹೋಗಿ, ಬಲೆಗಳು ಅಟ್ಟದ ಮೇಲೆಯೇ ಉಳಿದುವು. ಮುಂದೆ ತಾನಾಗಿಯೇ ಮರಳಿತು. ಅದರ ವೈಜ್ಞಾನಿಕ ನಾಮವಾದ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬುದಕ್ಕೆ ನೀಳತಲೆಯದು ಎಂದು ಅರ್ಥ. ಬುಟ್ಟಿಯಲ್ಲಿ ಬೂತಾಯಿಯನ್ನು ಅದರಂತೆಯೇ ಕಾಣುವ ಇತರ ಮೀನುಗಳಿಂದ ಬೇರ್ಪಡಿಸಬೇಕಾದವರು ತಲೆಯ ಉದ್ದವನ್ನೇ ಮೊದಲು ನೋಡಬೇಕು.

ಇದೇ ಬೂತಾಯಿ ಆಚೆಯ ದಡದಲ್ಲಿ, ಒಮಾನ್ ಮತ್ತು ಹದ್ರಮೌತ್ ತೀರಗಳಲ್ಲಿಯೂ ಇದೆ. ಹುಲ್ಲು ಬೆಳೆಯದ ಆ ಮರುಭೂಮಿಯ ಅಂಚಿನಲ್ಲಿ ಒಣಗಿಸಿದ ಸಣ್ಣ ಮೀನುಗಳನ್ನು ದನ ಒಂಟೆ ಕುದುರೆಗಳಿಗೆ ಮೇವಾಗಿ ಹಾಕುತ್ತಾರೆಂದು ಮಾರ್ಕೊ ಪೋಲೊ ಬರೆದಿದ್ದಾನೆ. 14ನೆಯ ಶತಮಾನದಲ್ಲಿ ಹೊನ್ನಾವರ ಮಂಗಳೂರುಗಳನ್ನು ಕಂಡುಹೋದ ಇಬ್ನ್ ಬತೂತನೂ ಧೋಫಾರಿನಲ್ಲಿ ಈ ವಿಚಿತ್ರವನ್ನು ಕಂಡು ಬೆರಗಾಗಿದ್ದನು. ಭಟ್ಕಳದ ರೇವಿನಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರದ ಲಾಯಗಳಿಗೆ ಹೋದ ಅರಬೀ ಕುದುರೆಗಳಲ್ಲಿ ಕೆಲವಾದರೂ ಎಳವೆಯಲ್ಲಿ ಮೀನು ತಿಂದು ಬೆಳೆದವಾಗಿದ್ದಿರಬೇಕೆಂದು ನಾನು ಆಗಾಗ ಕಲ್ಪಿಸಿಕೊಳ್ಳುವುದುಂಟು. ಹಂಪೆಯ ಗೋಡೆಯ ಮೇಲಿನ ಕುದುರೆಗಳ ಸಾಲನ್ನು ಅಂದಿನಿಂದ ಗಂಭೀರವಾಗಿ ನೋಡಲು ನನ್ನಿಂದಾಗಿಲ್ಲ.

ಬೂತಾಯಿಯ ಬೆನ್ನಿಗೇ ಬರುವುದು ಬಂಗುಡೆ. ಇದರ ಶಾಸ್ತ್ರೀಯ ನಾಮವಾದ ರಾಸ್ಟ್ರೆಲ್ಲಿಜರ್ ಕಾನಗುರ್ತದ ಉತ್ತರಾರ್ಧವು ಲ್ಯಾಟಿನ್ನೂ ಅಲ್ಲ, ಗ್ರೀಕೂ ಅಲ್ಲ, ಅದು ತೆಲುಗು. ವಿಶಾಖಪಟ್ಟಣದಲ್ಲಿ ನೆಲೆಸಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ ಎಂಬವನು ಅಲ್ಲಿನ ಬೆಸ್ತರು ತಂದುಕೊಟ್ಟ 200 ಮೀನುಗಳ ಚಿತ್ರಗಳನ್ನು ಅವರೇ ಹೇಳಿದ ಹೆಸರುಗಳೊಡನೆ 1803ರಲ್ಲಿ ಪ್ರಕಟಿಸಿದನು. ಆ ಪುಸ್ತಕವನ್ನು ಓದಿದ ಫ್ರಾನ್ಸಿನ ಮಹಾವಿದ್ವಾಂಸ ಕ್ಯೂವಿಯೇ ಮೀನಿಗೆ ನಾಮಕರಣ ಮಾಡುವಾಗ ಕಾನಗುರ್ತವೆಂಬುದನ್ನು ಹಾಗೆಯೇ ಉಳಿಸಿಕೊಂಡನು. ಯಾವನೋ ಬೆಸ್ತನು ದಡದ ಮೇಲೆ ಬೆರಳು ತೋರಿ ನುಡಿದ ಒಂದು ಶಬ್ದ ಇಂದು ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರಜ್ಞರ ಬಾಯಲ್ಲಿದೆ. ಹೆಸರಿನ ಪೂರ್ವಾರ್ಧಕ್ಕೆ ಹಲುಬೆ ಹೊತ್ತದ್ದು ಎಂಬ ಅರ್ಥ. ಬಂಗುಡೆಯ ಬಾಯನ್ನು ಅಗಲಿಸಿ ನೋಡಿದವರಿಗೆ ಕಿವಿರಿನ ಒಳಗಡೆ ಹಲುಬೆಯ ಹಲ್ಲುಗಳಂತೆ, ಅಥವಾ ಗರಿಯಂತೆ, ಉದ್ದನೆಯ ಎಳೆಗಳು ಸಾಲಾಗಿ ಕಾಣುವುವು. ಬಾಯಿ ತೆರೆದುಕೊಂಡೇ ನುಗ್ಗುವ ಮೀನು ಆ ಎಳೆಗಳಲ್ಲಿ ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ಉಳಿಸಿಕೊಳ್ಳುತ್ತದೆ.

ಹೀಗೆ ನಿದ್ರೆಯಿಲ್ಲದವರಂತೆ ಸದಾ ಈಜುವ ಮೀನಿಗೆ ದಣಿಯದ ಸ್ನಾಯು ಬೇಕು. ಪ್ರಾಣವಾಯುವನ್ನು ಹಿಡಿದಿಡುವ ಕೆಂಬಣ್ಣದ ದ್ರವ್ಯ, ಉರಿಸುವುದಕ್ಕೆ ಕೊಬ್ಬು, ಈ ಎರಡೂ ತುಂಬಿದ ಕಪ್ಪುಗೆಂಪು ಮಾಂಸ ಬಂಗುಡೆಯ ಪಕ್ಕೆಯುದ್ದಕ್ಕೂ ಇರುವುದು ಈ ಕಾರಣದಿಂದ. ಅದರ ಗಡಸು ರುಚಿಯೂ ಅದರಿಂದಲೇ. ಇಂತಹ ಮೀನಿಗೆ ಸೌಮ್ಯವಾದ ಮೇಲೋಗರ ಒಪ್ಪದು. ಕಾರವಾರದ ಕಡೆಯವರು ತೆಪ್ಪಳವೆಂಬ, ನಾಲಗೆಯನ್ನು ಜುಮ್ಮೆನ್ನಿಸುವ ಕಾಯಿಯನ್ನು ಜಜ್ಜಿ ಹಾಕುವುದೂ, ತುಳುನಾಡಿನವರು ಮೆಣಸು ಹುಣಿಸೆಗಳೇ ಪ್ರಧಾನವಾದ ಪುಳಿಮುಂಚಿಯಲ್ಲಿ ಅದನ್ನು ಬೇಯಿಸುವುದೂ ಎಣ್ಣೆಮೀನಿನ ಈ ಸ್ವಭಾವವನ್ನರಿತೇ. ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಬಂಗುಡೆಯ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಂಶ ಹೇರಳವಾಗಿರುವುದರಿಂದ, ಬಿಸಿಲಿನಲ್ಲಿ ಹೊತ್ತುಗಟ್ಟಲೆ ಬಿದ್ದ ಮೀನಿನಲ್ಲಿ ಅದು ಹಿಸ್ಟಮೀನ್ ಆಗಿ ಮಾರ್ಪಟ್ಟು, ತಿಂದವರ ಮುಖ ಕೆಂಪಾಗುವುದು, ತಲೆ ಸಿಡಿಯುವುದು, ಮೈ ದದ್ದರಿಸುವುದು ಮೊದಲಾದ ತೊಂದರೆಗಳನ್ನು ಕೊಡುತ್ತದೆ. ಎಷ್ಟು ಕುದಿಸಿದರೂ ಈ ದೋಷ ಹೋಗುವಂಥದಲ್ಲ. “ಅಣ್ಣಾ, ನಿನ್ನೆಯದಲ್ಲ, ಕಿವಿ ಎತ್ತಿ ನೋಡಿ” ಎಂದು ಮೀನುಗಾರ್ತಿಯು ಸವಾಲು ಹಾಕಿದಾಗ ಸಂಕೋಚಪಡದೆ ಎತ್ತಿ ನೋಡತಕ್ಕದ್ದು: ಕಿವಿರು ಕೆಂಪಾಗಿರಬೇಕು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು.

ಬಂಗುಡೆಯನ್ನು ಹಿಡಿಯುತ್ತಿದ್ದ ರಂಪಣಿಯನ್ನು ಕಂಡವರು ಈಗ ಮುದುಕರು. ದೋಣಿಯೊಂದು ಬಲೆಯನ್ನು ಬಿಡುತ್ತ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಸುತ್ತಿ ಬರುವುದು. ಎರಡು ತುದಿಯ ಹಗ್ಗಗಳನ್ನು ದಡದ ಮೇಲೆ ಎರಡು ಗುಂಪುಗಳು ಹಿಡಿಯುವುವು. ಅನಂತರ ಊರಿಗೆ ಊರೇ ಸೇರಿ, ರಾಗವಾಗಿ ಕೂಗುತ್ತ, ಗಂಟೆಗಟ್ಟಲೆ ಎಳೆದು ಬೆಳ್ಳಿಯ ರಾಶಿಯನ್ನು ಮರಳಿಗೆ ತರುವುದು. ಎಳೆದವರಿಗೆಲ್ಲ ಪಾಲಿತ್ತು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದು ಹಿಂಡನ್ನು ನಡುಗಡಲಿನಲ್ಲಿಯೇ ಚೀಲದಂತೆ ಬಿಗಿದು ಎತ್ತತೊಡಗಿದ ಮೇಲೆ, ದಡದಲ್ಲಿ ಕಾದು ನಿಂತವರಿಗೆ ಏನೂ ಉಳಿಯದಾಯಿತು. ಕೈರಂಪಣಿಯೆಂಬ ಚಿಕ್ಕ ರೂಪದಲ್ಲಿ ಅದು ಅಲ್ಲಲ್ಲಿ ಇನ್ನೂ ಜೀವ ಹಿಡಿದುಕೊಂಡಿದೆ.

ಈ ಹಿಂಡುಗಳನ್ನು ಬೆನ್ನಟ್ಟಿ ಬರುವ ಬೇಟೆಗಾರನೇ ಅಂಜಲು. ಆಳುದ್ದವನ್ನೂ ಮೀರಿ ಬೆಳೆಯಬಲ್ಲ ಈ ಮೀನು ಬಂಗುಡೆಯ ದೂರದ ದಾಯಾದಿಯೇ ಆದರೂ, ಬೂತಾಯಿ ಕೊಲ್ಲತರುಗಳಂತಹ ಚಿಕ್ಕ ಮೀನುಗಳನ್ನು ತಿಂದು ಬಲಿತ ಅದರ ಮಾಂಸ ಬಿಗಿಯಾಗಿ, ಹೆಚ್ಚು ಬೆಳ್ಳಗೆ, ನಡುವೆ ಒಂದೇ ಮುಳ್ಳಿನ ಸುತ್ತ ಬಿಲ್ಲೆಬಿಲ್ಲೆಯಾಗಿ ಕತ್ತರಿಸುವುದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಮದುವೆ ಔತಣಗಳಲ್ಲಿ ಇದಕ್ಕೆ ಸಲ್ಲುವ ಮರ್ಯಾದೆಯಲ್ಲಿ ರುಚಿಯ ಪಾಲೆಷ್ಟು, ಬೆಲೆಯ ಪಾಲೆಷ್ಟು ಎಂಬುದನ್ನು ನಾನು ಹೇಳಲೊಲ್ಲೆ. ಮಾಂಜಿ, ಅಂದರೆ ಪಾಂಫ್ರೆಟ್ ಮೀನಿನ ವಿಷಯದಲ್ಲಿಯೂ ಇದೇ ಮಾತು. ಲೋಳೆಮೀನು ಮೊದಲಾದ ಮೆತ್ತನೆಯ ಜೀವಿಗಳನ್ನೂ ಪ್ಲವಕಗಳನ್ನೂ ತಿಂದು ಬದುಕುವ ಬಿಳಿ ಮಾಂಜಿಯ ಮಾಂಸ ಬೆಣ್ಣೆಯಂತೆ ಮೃದು. ಮೀನಿನ ವಾಸನೆಗೆ ಅಂಜುವವರೂ ಅದನ್ನು ತಿನ್ನಬಲ್ಲರು. ಕಪ್ಪು ಮಾಂಜಿಗೆ ಆಕಾರದಿಂದ ಆ ಹೆಸರು ಬಂದಿದೆಯೇ ಹೊರತು, ಕುಲದಿಂದ ಅದು ಮಾಂಜಿಯೇ ಅಲ್ಲ.

ತೀರದ ಮರಳಿನ ನೆಲಕ್ಕೆ ಬಂದರೆ ಬದುಕಿನ ರೀತಿಯೇ ಬೇರೆ. ಅಲೆ ಮುರಿಯುವಲ್ಲಿಂದ ಅಳಿವೆಯ ಒಳಗಿನವರೆಗೆ ತಿರುಗಾಡುವ ಕಾಣೆಯು, ಬಲೆಯ ನೆರಳು ಕಂಡೊಡನೆ ಮೂತಿಯಿಂದ ಮರಳನ್ನು ಬಗೆದು ಒಳಹೊಕ್ಕು ನಿಜವಾಗಿಯೇ ಕಾಣೆಯಾಗಿಬಿಡುತ್ತದೆ. ಹೆಸರಿಗೂ ಈ ವಿದ್ಯೆಗೂ ಸಂಬಂಧವಿದೆಯೆಂದು ಭಾಷಾಪಂಡಿತರ ಮುಂದೆ ವಾದಿಸುವ ಧೈರ್ಯ ನನಗಿಲ್ಲವಾದರೂ, ಮೀನಿನ ಬಾಲ ಮರಳಿನಲ್ಲಿ ಮರೆಯಾಗುವುದನ್ನು ನೋಡಿದವನಿಗೆ ಬೇರೆ ನಿರುಕ್ತ ರುಚಿಸದು. ಪೇಟೆರ್ ಫೋರ್ಸ್ಕಾಲ್ ಎಂಬ ಪ್ರಕೃತಿವಿಜ್ಞಾನಿ ಕೆಂಪು ಸಮುದ್ರದಲ್ಲಿ ಈ ಮೀನನ್ನು ಕಂಡು ವರ್ಣಿಸಿ, ಯೆಮನಿನಲ್ಲಿಯೇ ಜ್ವರದಿಂದ ತೀರಿಕೊಂಡನು. ಅವನ ಟಿಪ್ಪಣಿಗಳನ್ನು ಜೊತೆಯ ಯಾತ್ರಿಕನಾದ ನೀಬೂರನು 1775ರಲ್ಲಿ ಅಚ್ಚು ಹಾಕಿಸಿದ್ದರಿಂದ ಕಾಣೆಗೆ ಸಿಹಾಮ ಎಂಬ ಹೆಸರು ನಿಂತಿತು. ಕಾಣೆಯ ಮುಖ್ಯ ಆಹಾರ ಮರಳಿನೊಳಗಿನ ಎರೆಹುಳುಗಳಂತಹ ಕಡಲಹುಳುಗಳು. ಈ ಹುಳುಗಳ ಮೈಯಲ್ಲಿ ಬ್ರೋಮಿನ್ ಬೆರೆತ ಕೆಲವು ಸಂಯುಕ್ತಗಳಿದ್ದು, ಅವು ಅತ್ಯಲ್ಪ ಪ್ರಮಾಣದಲ್ಲಿ ಮೀನಿನ ಮಾಂಸಕ್ಕೆ ಸೇರಿದಾಗ, ನಾವು ‘ಕಡಲಿನ ರುಚಿ’ ಎಂದು ಕಣ್ಣುಮುಚ್ಚಿ ಹೇಳುವ ಆ ಪರಿಮಳ ಉಂಟಾಗುತ್ತದೆ. ಓಡಾಟ ಕಡಿಮೆಯಾದ್ದರಿಂದ ಕೆಂಪು ಮಾಂಸವಿಲ್ಲ, ಕೊಬ್ಬು ಕಡಿಮೆ. ಬೆಂದ ಕಾಣೆ ಮಲ್ಲಿಗೆಯ ಎಸಳಿನಂತೆ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ. ಇದನ್ನು ರವೆಯಲ್ಲಿ ಹೊರಳಿಸಿ ಕರಿಯುವ ಈಗಿನ ಹೋಟೆಲುಗಳ ಪದ್ಧತಿಯನ್ನು ನಾನು ನಿಂದಿಸಲಾರೆ, ಏಕೆಂದರೆ ಚೆನ್ನಾಗಿಯೇ ಇರುತ್ತದೆ. ಆದರೆ ತೆಳ್ಳನೆಯ ಗಸಿಯಲ್ಲಿ ಬೆಂದ ಕಾಣೆಯನ್ನು ಉಂಡವನು ರವೆಯನ್ನು ಅಡ್ಡಗೋಡೆಯೆಂದೇ ಬಗೆಯುವನು.

ಕಾಣೆಯ ನೆರೆಮನೆಯಲ್ಲಿ, ಕೆಸರು ಬೆರೆತ ಮರಳಿನಲ್ಲಿ, ನಂಗ್ ಮಲಗಿರುತ್ತದೆ. ಮಲಗಿರುತ್ತದೆ ಎಂಬ ಶಬ್ದ ಇಲ್ಲಿ ಅಲಂಕಾರವಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಎಲ್ಲ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ, ಅದರ ಕಣ್ಣುಗಳೂ ಎಡಕ್ಕೊಂದು ಬಲಕ್ಕೊಂದಾಗಿರುತ್ತವೆ. ಕೆಲವು ವಾರಗಳಲ್ಲಿ ಬಲಗಡೆಯ ಕಣ್ಣು ಮೆಲ್ಲಮೆಲ್ಲನೆ ತಲೆಯನ್ನು ದಾಟಿ ಎಡಗಡೆಗೆ ಪ್ರಯಾಣ ಮಾಡಿ, ಇನ್ನೊಂದು ಕಣ್ಣಿನ ಪಕ್ಕದಲ್ಲಿ ಬಿಡಾರ ಹೂಡುತ್ತದೆ. ತಲೆಬುರುಡೆಯೂ ಅದಕ್ಕೆ ತಕ್ಕಂತೆ ತಿರುಚಿಕೊಳ್ಳುತ್ತದೆ. ಅಂದಿನಿಂದ ಮೀನು ಕುರುಡು ಮಗ್ಗುಲನ್ನು ನೆಲಕ್ಕೆ ಕೊಟ್ಟು, ಕಣ್ಣಿನ ಮಗ್ಗುಲನ್ನು ಆಕಾಶಕ್ಕೆ ಕೊಟ್ಟು, ಆಯುಷ್ಯವನ್ನೆಲ್ಲ ಒರಗಿಕೊಂಡೇ ಕಳೆಯುವುದು. ಕೆಳಗಿನ ಮೈ ಬಿಳಿಚಿಕೊಂಡು, ಮೇಲಿನದು ಕೆಸರಿನ ಬಣ್ಣ ಪಡೆಯುತ್ತದೆ. ಮಳೆ ಹಿಂದೆಗೆದ ಹೊಸತರಲ್ಲಿ ಇವು ದಡದ ಹತ್ತಿರಕ್ಕೆ ರಾಶಿಯಾಗಿ ಬರುತ್ತವೆ, ಅಗ್ಗವಾಗಿಯೂ ಸಿಗುತ್ತವೆ. ಇಷ್ಟು ಸೋಮಾರಿಯಾದ ಮೀನು ಇಷ್ಟು ರುಚಿಯಾಗಿರುವುದು ಉದ್ಯೋಗಶೀಲರಿಗೆ ಅಸಮಾಧಾನ ತರಬಹುದಾದ ವಿಚಾರವೇ ಸರಿ.

ಅಳಿವೆಗಳ ಮಾತಿಗೆ ತುಸು ನಿಲ್ಲಬೇಕು. ನೇತ್ರಾವತಿಯಿಂದ ಕಾಳಿಯವರೆಗೆ ಘಟ್ಟದಿಂದ ಇಳಿದ ಹೊಳೆಗಳೆಲ್ಲ ಕಡಲನ್ನು ಸೇರುವ ಮುನ್ನ ಉಪ್ಪೂ ಸಿಹಿಯೂ ಬೆರೆತ ಹಿನ್ನೀರಾಗಿ ಹರಡಿಕೊಳ್ಳುತ್ತವೆ. ಎಟ್ಟಿಗಳ ಜನನ ಹೊರಗಡಲಿನಲ್ಲಿ; ಅಂಗುಲಕ್ಕಿಂತಲೂ ಚಿಕ್ಕದಾದ ಮರಿಗಳು ಉಬ್ಬರದ ನೀರನ್ನೇರಿ ಅಳಿವೆಯೊಳಗೆ ಬಂದು, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಕೊಳೆತ ಎಲೆಯನ್ನೂ ಸೂಕ್ಷ್ಮಜೀವಿಗಳನ್ನೂ ತಿಂದು ಬೆಳೆದು, ಪ್ರಾಯಕ್ಕೆ ಬಂದೊಡನೆ ಮತ್ತೆ ಕಡಲಿಗೆ ಮರಳುತ್ತವೆ. ಹೆರಿಗೆ ಒಂದು ಕಡೆ, ಬಾಲ್ಯ ಒಂದು ಕಡೆ. ಕುಮಟಾ ತಾಲ್ಲೂಕಿನ ಅಘನಾಶಿನಿ ತೀರದ ರೈತರು ಈ ಯಾತ್ರೆಯ ನಡುದಾರಿಯಲ್ಲಿ ಗಜನಿ ಗದ್ದೆಗಳನ್ನು ಕಟ್ಟಿ, ಮಳೆಗಾಲದಲ್ಲಿ ಉಪ್ಪುನೀರನ್ನು ತಾಳುವ ಕಗ್ಗವೆಂಬ ಎತ್ತರದ ಭತ್ತವನ್ನು ಬೆಳೆಯುತ್ತಿದ್ದರು. ತೆನೆಯನ್ನಷ್ಟೇ ಕೊಯ್ದು, ಹುಲ್ಲನ್ನು ಗದ್ದೆಯಲ್ಲಿಯೇ ಬಿಟ್ಟು, ಜಂತ್ರಡಿಯೆಂಬ ಮರದ ತೂಬಿನ ಬಾಗಿಲನ್ನು ಉಬ್ಬರಕ್ಕೆ ತೆರೆದರೆ ಎಟ್ಟಿಯ ಮರಿಗಳು ತಾವಾಗಿ ಒಳಬರುತ್ತಿದ್ದುವು. ಕೊಳೆಯುವ ಹುಲ್ಲು ಎಟ್ಟಿಗೆ ಮೇವು, ಎಟ್ಟಿಯ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಮೇವನ್ನಾಗಲಿ ಗೊಬ್ಬರವನ್ನಾಗಲಿ ಕೊಳ್ಳದೆ, ಔಷಧಿ ಹೊಡೆಯದೆ ಎರಡು ಬೆಳೆ. ಈ ಪದ್ಧತಿ ಇಂದು ಕ್ಷೀಣಿಸಿದೆ. ಪೇಟೆಯಲ್ಲಿ ಈಗ ಕಿಲೋಗಟ್ಟಲೆ ದೊರೆಯುವ ದಪ್ಪ ಸಿಗಡಿ ಬಹುಮಟ್ಟಿಗೆ ವನಾಮಿ. ಮೆಕ್ಸಿಕೊದಿಂದ ಪೆರುವಿನವರೆಗಿನ ಶಾಂತಸಾಗರದ ತೀರ ಅದರ ತವರು, ನಮ್ಮ ದೇಶದ ಕೊಳಗಳಲ್ಲಿ ಅದನ್ನು ಸಾಕಲು 2009ರಲ್ಲಿ ಅನುಮತಿ ದೊರೆಯಿತು. ಕೊಳದಲ್ಲಿ ಗುಳಿಗೆಯ ಮೇವು ತಿಂದು ಬೆಳೆದ ಅದಕ್ಕೂ ಗಜನಿಯ ಎಟ್ಟಿಗೂ ರುಚಿಯಲ್ಲಿ ಅಂತರವಿಲ್ಲವೆಂದು ಹೇಳುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಅವರನ್ನು ಒಂದು ಸಲ ಕುಮಟೆಗೆ ಊಟಕ್ಕೆ ಕರೆದೊಯ್ಯಬೇಕಷ್ಟೆ.

ಇದೇ ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವೆನಿಸಿತು. ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ಸಾಲಾಗಿ ನಿಂತು, ಕಾಲಿನಿಂದಲೇ ತಡವಿ ಚಿಪ್ಪಿಕಲ್ಲುಗಳನ್ನು ಆಯುವ ಹೆಂಗಸರಿಗೆ ಅದರ ಮಹತ್ವ ಮುಂಚೆಯೇ ತಿಳಿದಿತ್ತು. ತುಳುವಿನಲ್ಲಿ ಮರುವಾಯಿಯೆನಿಸುವ ಈ ಚಿಪ್ಪಿಕಲ್ಲು ಓಡಲಾರದು, ಬೇಟೆಯಾಡಲಾರದು. ಕೆಸರಿನಲ್ಲಿ ಹುದುಗಿ ಎರಡು ನಳಿಗೆಗಳನ್ನು ಮೇಲೆ ಚಾಚಿ, ಒಂದರಿಂದ ನೀರನ್ನು ಎಳೆದು ಇನ್ನೊಂದರಿಂದ ಬಿಡುತ್ತ, ನಡುವೆ ಸಿಕ್ಕಿದ್ದನ್ನು ತಿನ್ನುವುದೇ ಅದರ ಸಂಸಾರ. ಆದುದರಿಂದ ನೀರು ಹೇಗೋ ಮರುವಾಯಿ ಹಾಗೆ: ಚರಂಡಿಯ ಬಾಯಲ್ಲಿ ಆಯ್ದುದು ಅಪಾಯಕರ, ಶುದ್ಧವಾದ ಅಳಿವೆಯದು ಅಮೃತ. ಅದರ ಸಾರಿನ ವಿಶಿಷ್ಟವಾದ ರುಚಿಗೆ ಸಕ್ಸಿನಿಕ್ ಆಮ್ಲವೆಂಬುದು ಕಾರಣವೆನ್ನುವರು. ಒಂದು ರಾತ್ರಿ ಶುದ್ಧ ನೀರಿನಲ್ಲಿ ಬಿಟ್ಟು ಮರಳನ್ನು ಕಕ್ಕಿಸಿ, ಮೆಟ್ಟುಕತ್ತಿಯಲ್ಲಿ ಬಿಡಿಸಿ, ಮಾಂಸ ಅಂಟಿಕೊಂಡ ಅರ್ಧ ಚಿಪ್ಪನ್ನು ಹಾಗೆಯೇ ಉಳಿಸಿ, ಅಕ್ಕಿಯ ಪುಂಡಿಯೊಡನೆ ಬೇಯಿಸಿದ ಮರುವಾಯಿಯನ್ನು ಚೀಪಿ ತಿನ್ನುವುದು ಸಭ್ಯರ ಪಂಕ್ತಿಗೆ ಒಪ್ಪುವ ಕ್ರಿಯೆಯಲ್ಲ. ಬಾಗಿಲು ಮುಚ್ಚಿಕೊಂಡು ತಿನ್ನಬೇಕು. ಖಾಲಿ ಚಿಪ್ಪು ಸುಣ್ಣದ ಗೂಡಿಗೆ ಹೋಗಿ, ತಾಂಬೂಲದ ರೂಪದಲ್ಲಿ ಮತ್ತೆ ಅದೇ ಬಾಯಿಗೆ ಮರಳುತ್ತಿತ್ತು. ಬಂಡೆಗಳಿಗೆ ರೇಷ್ಮೆಯಂತಹ ಎಳೆಗಳಿಂದ ತನ್ನನ್ನು ಕಟ್ಟಿಕೊಂಡು ಅಲೆಯ ಹೊಡೆತ ತಿನ್ನುವ ಪಚ್ಚಿಲೆಯು ಇದರ ನೆಂಟ. ಹಸಿರು ಚಿಪ್ಪಿನೊಳಗೆ ಕಿತ್ತಳೆಯ ಬಣ್ಣದ ಮಾಂಸವಿದ್ದರೆ ಹೆಣ್ಣು, ಕೆನೆಯ ಬಣ್ಣವಿದ್ದರೆ ಗಂಡು.

ಏಡಿಯನ್ನು, ಅಂದರೆ ಡೆಂಜಿಯನ್ನು, ಅಮಾವಾಸ್ಯೆಯ ಸುಮಾರಿಗೆ ಕೊಳ್ಳಬೇಕು, ಹುಣ್ಣಿಮೆಯದು ಟೊಳ್ಳು ಎಂಬ ನಂಬಿಕೆ ಕರಾವಳಿಯಲ್ಲಿ ಗಟ್ಟಿಯಾಗಿದೆ. ಚಂದ್ರನ ಪಾತ್ರ ಎಷ್ಟಿದ್ದರೂ ಇರಲಿ, ಟೊಳ್ಳಾಗುವುದಂತೂ ದಿಟ. ಬೆಳೆಯಬೇಕಾದ ಏಡಿ ಹಳೆಯ ಕವಚವನ್ನು ಕಳಚಿ, ಹೊಸದನ್ನು ನೀರು ಕುಡಿದು ಹಿಗ್ಗಿಸಿಕೊಳ್ಳುವುದರಿಂದ, ಆ ಜಾಗವೆಲ್ಲ ಮಾಂಸದಿಂದ ತುಂಬುವವರೆಗೆ ಅದು ಹಗುರವಾಗಿಯೇ ಇರುತ್ತದೆ. ಕೈಯಲ್ಲಿ ತೂಗಿ ನೋಡುವುದು ಪಂಚಾಂಗಕ್ಕಿಂತ ಮೇಲು. ಬೊಂಡಾಸಿಗೆ, ಅಂದರೆ ಸ್ಕ್ವಿಡ್ಡಿಗೆ, ಒಂದು ಕಾಲದಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ. ಪರದೇಶದ ಬೇಡಿಕೆ ಬಂದ ಮೇಲೆ ಅದೂ ಕುಲೀನವಾಯಿತು. ಮೂರು ಹೃದಯಗಳುಳ್ಳ ಈ ಪ್ರಾಣಿಯನ್ನು ಕ್ಷಣಕಾಲ ಬೇಯಿಸಬೇಕು, ಇಲ್ಲವೇ ಬಹುಕಾಲ ಬೇಯಿಸಬೇಕು. ನಡುವೆ ಇಳಿಸಿದರೆ ರಬ್ಬರು. ತಾಟೆ ತೊರಕೆಗಳು, ಅಂದರೆ ಶಾರ್ಕ್ ಮತ್ತು ರೇ ಮೀನುಗಳು, ಉಪ್ಪಿನ ಸೆಳೆತವನ್ನು ಎದುರಿಸಲು ರಕ್ತದಲ್ಲಿ ಯೂರಿಯವನ್ನೇ ಇಟ್ಟುಕೊಳ್ಳುವುದರಿಂದ ಬೇಗನೆ ನವಸಾಗರದ ನಾತ ಹೊರಡಿಸುತ್ತವೆ. ಅವನ್ನು ಖಾರವಾಗಿ ಬೇಯಿಸುವುದಕ್ಕೂ, ಉಪ್ಪು ಹಾಕಿ ಒಣಗಿಸುವುದಕ್ಕೂ ಕಾರಣ ಬೇರೆ ಹೇಳಬೇಕಾಗಿಲ್ಲ.

ನಮ್ಮ ಮೀನುಸಾರಿನ ಕೆಂಪು ಬಣ್ಣ ಮಾತ್ರ ಹೊರಗಿನದು. ಒಣಮೆಣಸು ಅಮೆರಿಕೆಯಿಂದ ಪೋರ್ಚುಗೀಸರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ಬರುವುದಕ್ಕೆ ಮುಂಚೆ, ಸೋಮೇಶ್ವರನ ಕಾಲದ ಖಾರ ಬಹುಮಟ್ಟಿಗೆ ಕಾಳುಮೆಣಸಿನದು. ಹುಳಿಗೆ ಆ ಹಡಗುಗಳ ಹಂಗಿರಲಿಲ್ಲ: ಮುರುಗಲು, ಉಪ್ಪಾಗೆ, ಅಂಬಟೆ, ಎಳೆಯ ಮಾವು, ಹೀಗೆ ಹಿತ್ತಿಲಿನಲ್ಲಿ ಯಾವುದು ಕಾಯಿಬಿಟ್ಟಿದೆಯೋ ಅದು. ಬೂತಾಯಿಗೆ ಹುಣಿಸೆ, ಎಟ್ಟಿಗೆ ಅಂಬಟೆ, ತೆಪ್ಪಳ ಹಾಕಿದ ಬಂಗುಡೆಗೆ ಮುರುಗಲು ಎಂದು ಜೋಡಿ ಕೂಡಿಸುವ ವಿದ್ಯೆಯಲ್ಲಿ ಮನೆಮನೆಗೂ ಮತಭೇದವುಂಟು, ನಾದಿನಿ ಅತ್ತಿಗೆಯರೊಳಗೆ ಅದು ಮನಸ್ತಾಪಕ್ಕೂ ತಿರುಗಿದ್ದುಂಟು.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವಿದೆ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ತದಡಿಯಲ್ಲಿ ದೋಣಿಗಳು ಮಗ್ಗುಲಿಗೆ ಮಗ್ಗುಲು ತಾಗಿಸಿಕೊಂಡು ಮಳೆಯಲ್ಲಿ ನೆನೆಯುತ್ತವೆ. ಗಾಳಿ ತಗ್ಗಿದ ದಿನ ನಾಡದೋಣಿಯವರು ತಂದಷ್ಟೇ ಹಸಿಮೀನು. ಆಗ ಅಟ್ಟದಿಂದ ನುಂಗೆಲ್, ಅಂದರೆ ಒಣಮೀನು, ಕೆಳಗಿಳಿಯುತ್ತದೆ. ಬೇಸಗೆಯ ಬಿಸಿಲಿನಲ್ಲಿ ಒಣಗಿದ ಎಟ್ಟಿಯನ್ನು ಕೆಂಡದ ಮೇಲಿನ ಓಡಿನಲ್ಲಿ ಹುರಿದು, ತೆಂಗಿನತುರಿಯೊಡನೆ ಅರೆದ ಚಟ್ನಿಯ ಪರಿಮಳ ಹೆಂಚಿನ ಸಂದಿಯಿಂದ ಹೊರಟು ಇಡೀ ಕೇರಿಗೆ ತಿಳಿಯುತ್ತದೆ. ಆದರೂ ನಮ್ಮ ಮನೆಯ ಹಿರಿಯಳೊಬ್ಬಳು ಆ ಎರಡು ತಿಂಗಳಲ್ಲಿ ಎಂದಾದರೊಮ್ಮೆ ದೊರೆತ ಹಸಿಮೀನನ್ನು ಬೇಯಿಸುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದಂತಿದೆ. ಮಣ್ಣಿನ ಬಿಸಲೆಯಲ್ಲಿ ಮಸಾಲೆ ಕುದಿಬಂದ ಮೇಲೆ ಮೀನನ್ನು ಇಳಿಸುವಳು. ಅಲ್ಲಿಂದ ಮುಂದೆ ಸೌಟು ತಾಗಿಸಕೂಡದು. ಬಟ್ಟೆಯಿಂದ ಬಿಸಲೆಯ ಎರಡು ಅಂಚುಗಳನ್ನು ಹಿಡಿದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗುವಳು. ಬೆಂದ ಮೇಲೂ ಅಂದು ಬಡಿಸುತ್ತಿರಲಿಲ್ಲ. ರಾತ್ರಿಯೆಲ್ಲ ಮಳೆ ಹೊಯ್ಯುತ್ತಿದ್ದಂತೆ ಹುಳಿಯೂ ಉಪ್ಪೂ ಮುಳ್ಳಿನವರೆಗೆ ಇಳಿದು, ಮೇಲೆ ಕೆಂಪನೆಯ ಎಣ್ಣೆ ತೇಲಿಬಂದಿರುತ್ತಿತ್ತು. ಬೆಳಿಗ್ಗೆ ಕುಚ್ಚಲಕ್ಕಿಯ ಗಂಜಿಯ ಬಟ್ಟಲಿನ ಅಂಚಿಗೆ ಅದನ್ನು ಹಾಕಿ, “ಮುಳ್ಳು ನೋಡಿಕೊಂಡು ತಿನ್ನು ಮಗಾ” ಎಂದು ಹೇಳಿ ಒಲೆಯ ಕಡೆಗೆ ತಿರುಗುತ್ತಿದ್ದಳು.